ಗಾಲಿಗೆ ಯಾವ ದ್ರಾವಣ? ಆಮ್ಲ–ಪ್ರತ್ಯಾಮ್ಲ ಘಟಕಕ್ಕೆ ಒಂದು ಅನ್ವಯ ಪಾಠ

ಪೀಠಿಕೆ

ಹತ್ತನೇ ತರಗತಿಯ ವಿಜ್ಞಾನದಲ್ಲಿ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಹಾಗೂ ‘ಲೋಹಗಳು ಮತ್ತು ಅಲೋಹಗಳು’ ಒಂದರ ಹಿಂದೆ ಒಂದು ಬರುವ ಘಟಕಗಳು. ಪರೀಕ್ಷೆಯ ದೃಷ್ಟಿಯಿಂದ ಇವೆರಡನ್ನೂ ಬೇರೆ ಬೇರೆಯಾಗಿ ಕಲಿಸಿ ಮುಗಿಸುವುದು ಸುಲಭ. ಮೊದಲನೆಯದರಲ್ಲಿ ಸೂಚಕದ ಬಣ್ಣ, ಎರಡನೆಯದರಲ್ಲಿ ಕ್ರಿಯಾಶೀಲತೆಯ ಸರಣಿ. ಆದರೆ ಮನೆಯಲ್ಲಿ ಒಂದು ಬಾಟಲಿಯನ್ನು ಕೈಗೆತ್ತಿಕೊಂಡಾಗ ಮಗುವಿಗೆ ಎರಡೂ ಘಟಕಗಳ ಜ್ಞಾನ ಒಟ್ಟಿಗೇ ಬೇಕಾಗುತ್ತದೆ. ಎರಡನ್ನೂ ಬೆಸೆಯುವ ಒಂದು ಅನ್ವಯ ಪಾಠವನ್ನು ನನ್ನ ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ಹಾವೇರಿ ಜಿಲ್ಲೆ ಶಿಗ್ಗಾಂವ ತಾಲ್ಲೂಕಿನ ದುಂಡಸಿಯಲ್ಲಿ ಮಾಡಿದೆ. ಸತತ ಎರಡು ದಿನಗಳ ಎರಡು ಅವಧಿಗಳಲ್ಲಿ, 5ಇ ಮಾದರಿಯಲ್ಲಿ ನಡೆದ ಆ ಪಾಠದ ಯೋಜನೆ, ನಡೆದ ರೀತಿ ಮತ್ತು ನನ್ನ ಅವಲೋಕನಗಳನ್ನು ಇಲ್ಲಿ ಕೊಟ್ಟಿದ್ದೇನೆ.

ವಿಷಯದ ಆಯ್ಕೆ

ಕಾರಿನ ಗಾಲಿ ತೊಳೆಯುವುದು ಹಳ್ಳಿಯ ಮಕ್ಕಳಿಗೆ ದೂರದ ವಿಷಯ ಎನಿಸಬಹುದು. ನಮ್ಮ ಭಾಗದಲ್ಲಿ ಈಗ ಅದು ಹಾಗಿಲ್ಲ. ತಾಲ್ಲೂಕಿನ ನಡುವೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಬಾಡಿಗೆ ಕಾರು, ಗೂಡ್ಸ್ ಗಾಡಿ, ಟ್ರ್ಯಾಕ್ಟರ್ ಇಟ್ಟುಕೊಂಡು ಜೀವನ ಮಾಡುವ ಮನೆಗಳಿವೆ. ಚಕ್ಕಡಿಯ ಮರದ ಗಾಲಿಗೆ ನೀರು ಸೋಕಿಸಿ ಮಣ್ಣು ತೆಗೆದರೆ ಸಾಕಿತ್ತು. ಅಲಾಯ್ ಗಾಲಿ ಬಂದ ಮೇಲೆ ‘ಯಾವುದು ಹಾಕಿದರೆ ಬೇಗ ಬೆಳ್ಳಗಾಗುತ್ತದೆ’ ಎಂಬ ಪ್ರಶ್ನೆಯೂ ಬಂತು. ರವಿವಾರ ಗಾಡಿ ತೊಳೆಯುವ ಕೆಲಸ ಬಹಳಷ್ಟು ಮನೆಗಳಲ್ಲಿ ಮಕ್ಕಳ ಪಾಲಿಗೇ ಬರುತ್ತದೆ.

ಪಾಠಕ್ಕೆ ಮೊದಲು ತರಗತಿಯಲ್ಲಿ ಒಂದು ಸರಳ ಪ್ರಶ್ನೆ ಕೇಳಿ ಉತ್ತರಗಳನ್ನು ಚೀಟಿಯಲ್ಲಿ ಬರೆಸಿದೆ: ‘ನಿಮ್ಮ ಮನೆಯಲ್ಲಿ ಗಾಡಿಯ ಗಾಲಿಯನ್ನು ಏನು ಹಾಕಿ ತೊಳೆಯುತ್ತಾರೆ?’ ನೀರು, ಶಾಂಪೂ, ಬಟ್ಟೆ ಪುಡಿ, ಬಟ್ಟೆ ಸೋಡಾ, ಹುಣಸೆಹಣ್ಣು, ಸೀಮೆಎಣ್ಣೆ, ಡೀಸೆಲ್, ಶೌಚಾಲಯದ ಆಸಿಡ್ ಎಲ್ಲವೂ ಬಂದವು. ಒಂದು ಚೀಟಿಯಲ್ಲಿ ‘ನೀರಿನ ಬಾಟಲ್ಯಾಗಿನ ಆಸಿಡ್’ ಎಂದಿತ್ತು. ಕುಡಿಯುವ ನೀರಿನ ಖಾಲಿ ಬಾಟಲಿಗೆ ಆಸಿಡ್ ತುಂಬಿ, ಹೆಸರು ಚೀಟಿಯಿಲ್ಲದೆ ಮನೆಯ ಮೂಲೆಯಲ್ಲಿ ಇಡುವ ರೂಢಿ ಅದು. ಪಾಠದ ಕೇಂದ್ರ ಯಾವುದಾಗಿರಬೇಕೆಂದು ಆ ಚೀಟಿಯೇ ಸ್ಪಷ್ಟಪಡಿಸಿತು.

ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು,

1. ಒಂದೇ ದ್ರಾವಣ ಬೇರೆ ಬೇರೆ ಲೋಹಗಳ ಮೇಲೆ ಬೇರೆ ಬೇರೆ ರೀತಿ ವರ್ತಿಸುತ್ತದೆ ಎಂಬುದನ್ನು ಪ್ರಯೋಗದಿಂದ ಗುರುತಿಸುವರು.
2. ಅಲ್ಯೂಮಿನಿಯಂ ಆಕ್ಸೈಡಿನ ಉಭಯಧರ್ಮಿ ಗುಣವನ್ನು ನಿತ್ಯದ ಸನ್ನಿವೇಶಕ್ಕೆ ಅನ್ವಯಿಸುವರು.
3. ಗಾಲಿಯ ಲೋಹ, ಕೊಳೆಯ ಬಗೆ ಮತ್ತು ಬಾಟಲಿಯ ಚೀಟಿ ನೋಡಿ ಸ್ವಚ್ಛಕವನ್ನು ಆರಿಸಿ, ಕಾರಣ ಕೊಡುವರು.
4. ಆಮ್ಲ ತಾಗಿದಾಗ ಮಾಡಬೇಕಾದ ಮತ್ತು ಮಾಡಬಾರದ ಕೆಲಸಗಳನ್ನು ಹೇಳುವರು.

ಸಾಮಗ್ರಿಗಳು

ಅಡುಗೆಯ ಅಲ್ಯೂಮಿನಿಯಂ ಹಾಳೆಯ ಪಟ್ಟಿಗಳು, ತುಕ್ಕು ಹಿಡಿದ ಕಬ್ಬಿಣದ ಮೊಳೆಗಳು, ಪ್ರನಾಳಗಳು, ಅರಿಸಿನದ ಕಾಗದ, ಕೆಂಪು ದಾಸವಾಳದ ರಸ, ಅಯಸ್ಕಾಂತ, ಹಳೆಯ ಅಲ್ಯೂಮಿನಿಯಂ ಪಾತ್ರೆ, ಗಾಲಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು ಒಣಗಿಸಿ ಪಾರದರ್ಶಕ ಚೀಲದಲ್ಲಿ ಮುಚ್ಚಿಟ್ಟ ಕಪ್ಪು ಪುಡಿ. ದ್ರಾವಣಗಳು ಐದು: ವಾಹನ ಶಾಂಪೂ ಬೆರೆಸಿದ ನೀರು, ಹುಣಸೆ ರಸ, ಬಟ್ಟೆ ಸೋಡಾದ ದ್ರಾವಣ, ಸುಣ್ಣದ ತಿಳಿನೀರು, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ. ಕೊನೆಯದನ್ನು ಶಿಕ್ಷಕರು ಮಾತ್ರ ಕನ್ನಡಕ, ಕೈಗವಸು ಧರಿಸಿ, ಕಿಟಕಿಯ ಪಕ್ಕದಲ್ಲಿ, ಬೆಂಕಿಯಿಂದ ದೂರ ನಿಂತು ಬಳಸಬೇಕು.

ಪಾಠದ ಗತಿ

*ತೊಡಗಿಸಿಕೊಳ್ಳುವಿಕೆ.* ಕಪ್ಪು ಪುಡಿಯ ಚೀಲವನ್ನು ತೋರಿಸಿ ‘ಇದು ಏನು?’ ಎಂದೆ. ‘ರಸ್ತೆ ಧೂಳ್ರಿ’ ಎಂದು ಇಡೀ ತರಗತಿ ಹೇಳಿತು. ಚೀಲದ ಹೊರಗಿನಿಂದ ಅಯಸ್ಕಾಂತ ಹಿಡಿದಾಗ ಪುಡಿಯ ಬಹುಭಾಗ ಅದರ ಹಿಂದೆ ಹರಿಯಿತು. ಎರೆಮಣ್ಣಾಗಲಿ ಕೆಂಪುಮಣ್ಣಾಗಲಿ ಹೀಗೆ ಹರಿಯುವುದಿಲ್ಲ ಎಂದು ಮಕ್ಕಳೇ ಮಣ್ಣು ತಂದು ಹೋಲಿಸಿದರು. ಈ ಪುಡಿ ಬ್ರೇಕಿನದು. ಬ್ರೇಕ್ ಹಾಕಿದಾಗಲೆಲ್ಲ ಎರಕದ ಕಬ್ಬಿಣದ ಡಿಸ್ಕ್ ಮತ್ತು ಅದನ್ನು ಹಿಡಿಯುವ ಪ್ಯಾಡ್ ಸ್ವಲ್ಪ ಸ್ವಲ್ಪ ಸವೆಯುತ್ತವೆ. ಬಿಸಿಯಾದ ಆ ಕಬ್ಬಿಣದ ಕಣಗಳು ಗಾಲಿಗೆ ಅಂಟಿ, ತೇವ ತಾಗಿದಾಗ ಅಲ್ಲೇ ತುಕ್ಕು ಹಿಡಿಯುತ್ತವೆ. ‘ಮುಂದಿನ ಗಾಲಿನೇ ಯಾಕ ಜಾಸ್ತಿ ಕರ್ರಗ ಆಗ್ತಾವ್ರಿ?’ ಎಂದು ಒಬ್ಬ ಕೇಳಿದ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳ ಮೇಲೆ ಹೆಚ್ಚು ಕೆಲಸ ಬೀಳುತ್ತದೆ ಎಂಬ ಉತ್ತರ ಜಡತ್ವದ ಪಾಠವನ್ನೂ ನೆನಪಿಸಿತು.

ಇಲ್ಲಿಗೆ ಮಕ್ಕಳ ಮುಂದೆ ಸಮಸ್ಯೆ ನಿಂತಿತು. ಕೊಳೆ ಕಬ್ಬಿಣದ್ದು, ಅಲಾಯ್ ಗಾಲಿ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಕಬ್ಬಿಣದ ಕಲೆ ಹೋಗಬೇಕು, ಅಲ್ಯೂಮಿನಿಯಂ ಉಳಿಯಬೇಕು.

*ಅನ್ವೇಷಣೆ.* ಐದು ಗುಂಪುಗಳಿಗೆ ಮೊದಲು ಸೂಚಕದ ಕೆಲಸ ಕೊಟ್ಟೆ. ಅರಿಸಿನದ ಕಾಗದ ಬಟ್ಟೆ ಸೋಡಾ ಮತ್ತು ಸುಣ್ಣದ ತಿಳಿಯಲ್ಲಿ ಕೆಂಪು ಕಂದಾಯಿತು. ಶಾಂಪೂ ನೀರು, ಹುಣಸೆ ರಸ, ಆಮ್ಲ ಮೂರರಲ್ಲೂ ಹಳದಿಯಾಗಿಯೇ ಉಳಿಯಿತು. ‘ಹಂಗಾದ್ರ ಮೂರೂ ಒಂದನ?’ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು. ಅರಿಸಿನ ಪ್ರತ್ಯಾಮ್ಲವನ್ನು ಮಾತ್ರ ತೋರಿಸುತ್ತದೆ, ಆಮ್ಲವನ್ನೂ ತಟಸ್ಥವನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ದಾಸವಾಳದ ರಸ ಹಾಕಿದಾಗ ಹುಣಸೆ ಮತ್ತು ಆಮ್ಲಗಳಲ್ಲಿ ಗಾಢ ಗುಲಾಬಿ ಬಣ್ಣ, ಸೋಡಾ ಮತ್ತು ಸುಣ್ಣಗಳಲ್ಲಿ ಹಸಿರು ಬಣ್ಣ ಬಂದು ವ್ಯತ್ಯಾಸ ತಿಳಿಯಿತು.

ಬಳಿಕ ಪ್ರತಿ ದ್ರಾವಣವನ್ನು ಎರಡು ಪ್ರನಾಳಗಳಲ್ಲಿ ತೆಗೆದುಕೊಂಡು, ಒಂದಕ್ಕೆ ಅಲ್ಯೂಮಿನಿಯಂ ಪಟ್ಟಿ, ಇನ್ನೊಂದಕ್ಕೆ ತುಕ್ಕಿನ ಮೊಳೆ ಹಾಕಿದರು. ಯಾವ ಪ್ರನಾಳವನ್ನೂ ಬಿರಡೆಯಿಂದ ಮುಚ್ಚಲಿಲ್ಲ. ಅವಧಿಯ ಕೊನೆಗೆ ಮತ್ತು ಮರುದಿನ ಕಂಡದ್ದು ಹೀಗಿದೆ:

– ಶಾಂಪೂ ನೀರು: ಪಟ್ಟಿಯಲ್ಲಿ ಬದಲಾವಣೆ ಕಾಣಲಿಲ್ಲ. ಮೊಳೆಯ ಸಡಿಲ ಧೂಳು ಹೋಯಿತು, ತುಕ್ಕು ಉಳಿಯಿತು.
– ಹುಣಸೆ ರಸ: ಪಟ್ಟಿಯಲ್ಲಿ ಎದ್ದುಕಾಣುವ ಬದಲಾವಣೆ ಇಲ್ಲ. ಮರುದಿನ ಮೊಳೆಯ ಮುಳುಗಿದ ಭಾಗದ ತುಕ್ಕು ಸಡಿಲವಾಗಿತ್ತು.
– ಬಟ್ಟೆ ಸೋಡಾ: ಪಟ್ಟಿಯ ಮೇಲೆ ಸಣ್ಣ ಗುಳ್ಳೆಗಳು, ನಂತರ ಹೊಳಪು ಮಾಸಿತು. ಮೊಳೆ ಇದ್ದಂತೆಯೇ ಇತ್ತು.
– ಸುಣ್ಣದ ತಿಳಿ: ಪಟ್ಟಿಯಿಂದ ಗುಳ್ಳೆಗಳು ಎದ್ದವು, ಮೇಲ್ಮೈ ಮಬ್ಬಾಯಿತು. ಮೊಳೆಗೆ ಏನೂ ಆಗಲಿಲ್ಲ.
– ಆಮ್ಲ (ಶಿಕ್ಷಕರ ಪ್ರದರ್ಶನ): ಮೊಳೆಯ ತುಕ್ಕು ಕರಗಿ ದ್ರಾವಣ ಹಳದಿಯಾಯಿತು, ಗುಳ್ಳೆಗಳು ಬಂದವು. ಪಟ್ಟಿ ಮೊದಲು ಸುಮ್ಮನಿತ್ತು, ಬಳಿಕ ರಭಸವಾಗಿ ಗುಳ್ಳೆಗಳು ಎದ್ದು ಪ್ರನಾಳ ಬಿಸಿಯಾಯಿತು, ಪಟ್ಟಿ ಹರಿದುಹೋಯಿತು.

ಸೋಡಾದ ಗುಂಪು ಮತ್ತು ಸುಣ್ಣದ ಗುಂಪು ತಮ್ಮ ಮೊಳೆಯನ್ನು ಎತ್ತಿ ತೋರಿಸಿ ‘ಇದು ಸೇಫ್ ಐತ್ರಿ’ ಎಂದರು. ಅದೇ ಗುಂಪಿನ ಇನ್ನೊಂದು ಪ್ರನಾಳದಲ್ಲಿ ಅಲ್ಯೂಮಿನಿಯಂ ಗುಳ್ಳೆ ಬಿಡುತ್ತಿತ್ತು. ನಾನು ಏನೂ ಹೇಳದೆ ಎರಡೂ ಪ್ರನಾಳಗಳನ್ನು ಪಕ್ಕಪಕ್ಕದಲ್ಲಿ ಹಿಡಿಯಲು ಹೇಳಿದೆ. ‘ಕಬ್ಬಿಣಕ್ಕ ಸೇಫ್, ಇದಕ್ಕ ಅಲ್ಲ’ ಎಂದು ಒಬ್ಬ ಹುಡುಗಿ ವಾಕ್ಯ ತಿದ್ದಿದಳು. ಆ ತಿದ್ದುಪಡಿಯೇ ಈ ಪಾಠದ ತಿರುಳು. ‘ಸುರಕ್ಷಿತ’ ಎಂಬುದು ಬಾಟಲಿಯೊಳಗಿನ ಗುಣವಲ್ಲ. ಯಾವುದಕ್ಕೆ, ಯಾರ ಕೈಗೆ ಎಂದು ಕೇಳಿದ ಮೇಲೆಯೇ ಆ ಪದಕ್ಕೆ ಅರ್ಥ ಬರುತ್ತದೆ.

*ವಿವರಣೆ.* ಎರಡನೇ ದಿನ ಆಮ್ಲದಲ್ಲಿದ್ದ ಪಟ್ಟಿ ಮೊದಲು ಏಕೆ ಸುಮ್ಮನಿತ್ತು ಎಂಬುದರಿಂದ ಆರಂಭಿಸಿದೆ. ಗಾಳಿಗೆ ತೆರೆದ ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ತಾನಾಗಿಯೇ ಬೆಳೆದು ಒಳಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಉದುರುತ್ತದೆ, ಈ ಪದರ ಉದುರುವುದಿಲ್ಲ. ಆದರೆ ಅದು ಉಭಯಧರ್ಮಿ, ಅಂದರೆ ಆಮ್ಲದಲ್ಲೂ ಕರಗುತ್ತದೆ, ಪ್ರಬಲ ಪ್ರತ್ಯಾಮ್ಲದಲ್ಲೂ ಕರಗುತ್ತದೆ. ಪದರ ಹೋಗುವವರೆಗೆ ಮೌನ, ಹೋದ ಮೇಲೆ ಗುಳ್ಳೆ. ಕಪ್ಪುಹಲಗೆಯ ಮೇಲೆ ಪದಸಮೀಕರಣಗಳನ್ನು ಮಕ್ಕಳೇ ಬರೆದರು:

ಅಲ್ಯೂಮಿನಿಯಂ + ಹೈಡ್ರೋಕ್ಲೋರಿಕ್ ಆಮ್ಲ → ಅಲ್ಯೂಮಿನಿಯಂ ಕ್ಲೋರೈಡ್ + ಹೈಡ್ರೋಜನ್

ಅಲ್ಯೂಮಿನಿಯಂ + ಸೋಡಿಯಂ ಹೈಡ್ರಾಕ್ಸೈಡ್ + ನೀರು → ಸೋಡಿಯಂ ಅಲ್ಯುಮಿನೇಟ್ + ಹೈಡ್ರೋಜನ್

ಇಲ್ಲಿ ಶಿಕ್ಷಕರು ಪ್ರಮಾಣದ ವಿವೇಕ ಕಲಿಸಬೇಕು. ಅಡುಗೆಯ ಹಾಳೆ ಕೂದಲಿಗಿಂತ ತೆಳು ಮತ್ತು ಬರಿಮೈ. ಕಾರಿನ ಗಾಲಿ ದಪ್ಪ, ಸಾಮಾನ್ಯವಾಗಿ ಅದರ ಮೇಲೆ ಬಣ್ಣ ಅಥವಾ ಪಾರದರ್ಶಕ ಲೇಪ ಇರುತ್ತದೆ. ಆದ್ದರಿಂದ ಆಸಿಡ್ ಹಾಕಿದೊಡನೆ ಗಾಲಿ ಕರಗಿಹೋಗುತ್ತದೆ ಎಂದು ಹೆದರಿಸುವುದು ಸರಿಯಲ್ಲ. ಕಲ್ಲು ಸಿಡಿದು ಲೇಪ ಕಿತ್ತ ಜಾಗದಲ್ಲಿ ದ್ರಾವಣ ಒಳನುಗ್ಗುತ್ತದೆ. ಅಲ್ಲಿ ಬಿಳಿ ಕಲೆ, ಸಣ್ಣ ಕುಳಿಗಳು ಬೀಳುತ್ತವೆ, ಲೇಪ ಅಂಚಿನಿಂದ ಏಳತೊಡಗುತ್ತದೆ. ಒಮ್ಮೆ ಥಳಥಳ ಹೊಳೆದ ಗಾಲಿ ಬೇಗ ಮಂಕಾಗುವುದು ಇದರಿಂದ.

‘ಮನಿ ಬೋಗುಣಿಗೂ ಹಿಂಗ ಆಗ್ತೈತೇನ್ರಿ?’ ಎಂಬ ಪ್ರಶ್ನೆ ಹುಡುಗಿಯರ ಸಾಲಿನಿಂದ ಬಂದಾಗ ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಹೊರತೆಗೆದೆ. ಗಾಡಿಯ ವಿಷಯ ಹುಡುಗರದ್ದು ಎಂಬ ಭಾವನೆ ಬರಬಾರದೆಂದೇ ಅದನ್ನು ತಂದಿದ್ದೆ. ಸೋಡಾ ಹಾಕಿ ತಿಕ್ಕಿದ ಅಲ್ಯೂಮಿನಿಯಂ ಪಾತ್ರೆ ಏಕೆ ಕರ್ರಗಾಗುತ್ತದೆ, ಹುಣಸೆ ಹಾಕಿದ ಸಾರನ್ನು ಅದರಲ್ಲಿ ರಾತ್ರಿಯಿಡೀ ಏಕೆ ಇಡಬಾರದು, ಹಿತ್ತಾಳೆಗೆ ಹುಣಸೆ ಏಕೆ ಒಗ್ಗುತ್ತದೆ ಎಂಬ ಚರ್ಚೆ ಗಾಲಿಯ ಚರ್ಚೆಗಿಂತ ಹೆಚ್ಚು ಹೊತ್ತು ನಡೆಯಿತು.

*ವಿಸ್ತರಣೆ.* ಈಗ ಸ್ವಚ್ಛಕವನ್ನು ಆರಿಸುವ ಕ್ರಮವನ್ನು ತರಗತಿ ಒಟ್ಟಾಗಿ ಕಟ್ಟಿತು.

ಮೊದಲ ಪ್ರಶ್ನೆ: ಗಾಲಿ ಯಾವುದರದು? ಬಣ್ಣ ಬಳಿದ ಉಕ್ಕೋ, ಲೇಪವಿರುವ ಅಲಾಯೋ, ಬರಿಮೈ ಹೊಳಪಿನ ಅಲಾಯೋ, ಕ್ರೋಮಿಯಂ ಲೇಪನವೋ, ಮೇಲೆ ಕೂರಿಸಿದ ಪ್ಲಾಸ್ಟಿಕ್ ಮುಚ್ಚಳವೋ? ಗೊತ್ತಾಗದಿದ್ದರೆ ಎಲ್ಲಕ್ಕಿಂತ ಸೂಕ್ಷ್ಮವಾದದ್ದೆಂದು ತಿಳಿದು ನಡೆಯಬೇಕು.

ಎರಡನೇ ಪ್ರಶ್ನೆ: ಕೊಳೆ ಯಾವುದು? ಮಣ್ಣಾದರೆ ಮೊದಲು ನೀರು ಹಾಯಿಸಿ ನೆನೆಸಬೇಕು. ಒಣ ಮಣ್ಣನ್ನು ತಿಕ್ಕಿದರೆ ಮರಳಿನ ಕಣಗಳೇ ಲೇಪವನ್ನು ಗೀಚುತ್ತವೆ. ಗ್ರೀಸ್, ಎಣ್ಣೆ ಇದ್ದರೆ ಸಾಬೂನಿನ ಗುಣ ಬೇಕು. ಕಬ್ಬಿಣದ ಕಂದು ಚುಕ್ಕೆಗಳಿದ್ದರೆ ಮಾತ್ರ ವಿಶೇಷ ಸ್ವಚ್ಛಕದ ಮಾತು.

ಮೂರನೇ ಪ್ರಶ್ನೆ: ಈ ಕೆಲಸಕ್ಕೆ ಸಾಕಾಗುವ ಅತಿ ಮೃದುವಾದದ್ದು ಯಾವುದು? ನೀರು, ಮೆತ್ತನೆಯ ಕುಂಚ, ತಟಸ್ಥಕ್ಕೆ ಹತ್ತಿರದ ಪಿಎಚ್ ಇರುವ ವಾಹನ ಶಾಂಪೂ, ಈ ಮೂರರಿಂದ ವಾರಕ್ಕೊಮ್ಮೆ ತೊಳೆದರೆ ಬ್ರೇಕಿನ ಪುಡಿ ಗಟ್ಟಿಯಾಗಿ ಕೂರುವುದೇ ಇಲ್ಲ. ಹಳೆಯ ಕಂದು ಚುಕ್ಕೆಗೆ ತಟಸ್ಥಕ್ಕೆ ಹತ್ತಿರವಿರುವ ಕಬ್ಬಿಣ ತೆಗೆಯುವ ದ್ರಾವಣಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಾಗಿ ಥಯೋಗ್ಲೈಕೋಲೇಟ್ ಲವಣ ಇರುತ್ತದೆ. ಅದು ಕಬ್ಬಿಣದೊಡನೆ ಕೂಡಿ ನೇರಳೆ ಬಣ್ಣ ತಾಳುತ್ತದೆ, ಕೆಟ್ಟ ವಾಸನೆಯೂ ಉಂಟು. ನೇರಳೆ ಬಣ್ಣ ಬಂತೆಂದರೆ ಅದು ಕಬ್ಬಿಣವನ್ನು ಹಿಡಿದಿದೆ ಎಂದರ್ಥ. ಒಣಗುವ ಮೊದಲೇ ನೀರಿನಿಂದ ತೊಳೆಯಬೇಕು, ಕೈಗವಸು ಬೇಕೇ ಬೇಕು. ಯಾವ ದ್ರಾವಣವನ್ನೂ ಬಿಸಿ ಗಾಲಿಯ ಮೇಲೆ ಅಥವಾ ಬಿಸಿಲಿನಲ್ಲಿ ಹಾಕಬಾರದು. ನೀರು ಆವಿಯಾಗಿ ದ್ರಾವಣ ಅಲ್ಲೇ ಸಾರಯುತವಾಗುತ್ತದೆ.

ಸೀಮೆಎಣ್ಣೆ, ಡೀಸೆಲ್ ಬಗ್ಗೆ ಸೂಚಕ ಏನನ್ನೂ ಹೇಳುವುದಿಲ್ಲ. ಅವು ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ. ಆದರೆ ಟೈರಿನ ರಬ್ಬರ್ ಅವುಗಳನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕಿಗೆ ಎಣ್ಣೆಯ ಜಿಡ್ಡು ತಗುಲಿದರೆ ಹಿಡಿತವೇ ತಪ್ಪುತ್ತದೆ. ಬೆಂಕಿಯ ಅಪಾಯ ಬೇರೆ.

ನಾಲ್ಕನೇ ಪ್ರಶ್ನೆ: ಚೀಟಿ ಏನು ಹೇಳುತ್ತದೆ? ಸ್ವಚ್ಛಕಗಳ ಚೀಟಿ ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ಕೆಲವು ಪದಗಳನ್ನು ಚಿತ್ರದಂತೆ ಗುರುತಿಸಲು ಕಲಿಸಿದೆ. ಇಲ್ಲಿ ಎರಡು ತಪ್ಪು ಕಲ್ಪನೆಗಳು ಎದುರಾದವು. ಸಹ ಪ್ರಶಿಕ್ಷಣಾರ್ಥಿಗಳು ಇವನ್ನು ವಿಶೇಷವಾಗಿ ಗಮನಿಸಬೇಕು.

ಒಂದು, ‘ಆಸಿಡ್ ಫ್ರೀ’ ಎಂದಿದ್ದರೆ ಮೃದು ಎಂಬ ಕಲ್ಪನೆ. ಆಮ್ಲವಿಲ್ಲದ ಬಾಟಲಿಯಲ್ಲಿ ಪ್ರಬಲ ಪ್ರತ್ಯಾಮ್ಲ ಇರಬಹುದು. ಸುಣ್ಣದ ತಿಳಿಯಲ್ಲಿಯೂ ಆಮ್ಲವಿರಲಿಲ್ಲ, ಆದರೂ ಪಟ್ಟಿ ಮಬ್ಬಾಯಿತು ಎಂದು ನೆನಪಿಸಿದರೆ ಸಾಕು, ಮಕ್ಕಳು ತಾವೇ ಉತ್ತರ ಮುಟ್ಟುತ್ತಾರೆ.

ಎರಡು, ‘ದುರ್ಬಲ ಆಮ್ಲ’ ಎಂದರೆ ಅಪಾಯವಿಲ್ಲದ ಆಮ್ಲ ಎಂಬ ಕಲ್ಪನೆ. ನೀರಿನಲ್ಲಿ ಎಷ್ಟು ಅಯಾನೀಕರಣಗೊಳ್ಳುತ್ತದೆ ಎಂಬುದನ್ನಷ್ಟೇ ಆ ಪದ ಹೇಳುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಪಠ್ಯದ ಲೆಕ್ಕದಲ್ಲಿ ದುರ್ಬಲ ಆಮ್ಲ. ಆದರೆ ಚರ್ಮದ ಮೂಲಕ ಒಳಗೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಬಿಡುತ್ತದೆ. ಸಾರರಿಕ್ತವಾಗಿದ್ದರೆ ತಾಗಿದ ಕೂಡಲೇ ನೋವು ಗೊತ್ತಾಗದೆ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೂ ಎರವಾಗಬಹುದು. ಗಾಲಿಯನ್ನು ಕ್ಷಣದಲ್ಲಿ ಹೊಳೆಸುವ ಕೆಲವು ವೃತ್ತಿಪರ ಸ್ವಚ್ಛಕಗಳಲ್ಲಿ ಇದು ಅಥವಾ ಇದನ್ನು ಉಂಟುಮಾಡುವ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ‘ಫ್ಲೋರೈಡ್’ ಎಂಬ ಪದ ಗಾಲಿಯ ಸ್ವಚ್ಛಕದ ಚೀಟಿಯಲ್ಲಿ ಕಂಡರೆ ಮುಟ್ಟಬಾರದು ಎಂಬುದು ನಮ್ಮ ತರಗತಿಯ ನಿಯಮವಾಯಿತು. ಚೀಟಿಯೇ ಇಲ್ಲದ ಬಾಟಲಿಗೂ ಅದೇ ನಿಯಮ.

2013ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಲಕ್ಷ್ಮಿ ಪ್ರಕರಣದಲ್ಲಿ ಆಸಿಡ್ಡಿನ ಬಿಡಿ ಮಾರಾಟಕ್ಕೆ ಕಟ್ಟುಪಾಡು ವಿಧಿಸಿತು. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, 18 ವರ್ಷದೊಳಗಿನವರಿಗೆ ಮಾರಬಾರದು ಎಂಬುದು ಅದರಲ್ಲಿ ಸೇರಿದೆ. ‘ನೀವು ಅಂಗಡಿಗೆ ಹೋಗಿ ಆಸಿಡ್ ತರುವ ವಯಸ್ಸಿನವರಲ್ಲ’ ಎಂದಾಗ ಹಿಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

*ಕೈ, ಕಣ್ಣು, ನೀರು.* ಆಸಿಡ್ ತಾಗಿದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ‘ಸೋಡಾ ಹಚ್ತೀವ್ರಿ, ತಟಸ್ಥೀಕರಣ ಆಗ್ತೈತಿ’ ಎಂಬ ಉತ್ತರ ಬಂತು. ಪಾಠ ಚೆನ್ನಾಗಿ ಕಲಿತ ಮಗುವೇ ಕೊಡುವ ಉತ್ತರ ಇದು. ಇರುವೆ ಕಚ್ಚಿದಾಗ ಅಡುಗೆ ಸೋಡಾ ಹಚ್ಚುವ ಉದಾಹರಣೆ ನಾವೇ ಹೇಳಿರುತ್ತೇವೆ. ಅಲ್ಲಿ ಆಮ್ಲದ ಪ್ರಮಾಣ ಅತ್ಯಲ್ಪ. ಆಸಿಡ್ ಚೆಲ್ಲಿದಾಗ ತಟಸ್ಥೀಕರಣದ ಉಷ್ಣ ಸುಟ್ಟ ಚರ್ಮವನ್ನೇ ಮತ್ತೆ ಸುಡಬಹುದು, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಮಾಡಬೇಕಾದದ್ದು ಒಂದೇ: ಬಟ್ಟೆ ಕಳಚಿ, ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ಬಾಟಲಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಹಿಡಿದು ವೈದ್ಯರಲ್ಲಿಗೆ ಹೋಗುವುದು. ಆಸಿಡ್ ಮತ್ತು ಬ್ಲೀಚಿಂಗ್ ದ್ರಾವಣಗಳನ್ನು ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿದೆ. ತೊಳೆದ ನೀರು ಕೆರೆಗೆ, ದನ ಕುಡಿಯುವ ತೊಟ್ಟಿಯ ಕಡೆಗೆ ಹರಿಯದ ಜಾಗದಲ್ಲಿ ಗಾಡಿ ನಿಲ್ಲಿಸಬೇಕು ಎಂಬ ಸಲಹೆ ಮಕ್ಕಳದೇ.

ಮೌಲ್ಯಮಾಪನ

ಸ್ಮರಣೆಯ ಪ್ರಶ್ನೆಗಳ ಬದಲು ಸನ್ನಿವೇಶಗಳನ್ನು ಕೊಟ್ಟೆ:

1. ಟ್ರ್ಯಾಕ್ಟರಿನ ಬಣ್ಣ ಬಳಿದ ಉಕ್ಕಿನ ಗಾಲಿಗೆ ಗದ್ದೆಯ ಕೆಸರು ಒಣಗಿ ಹತ್ತಿದೆ. ಮೊದಲು ಏನು ಮಾಡುವಿರಿ? ಏಕೆ?
2. ಅಂಗಡಿಯವರು ‘ಇದರಲ್ಲಿ ಆಸಿಡ್ ಇಲ್ಲ, ಎಲ್ಲ ಗಾಲಿಗೂ ನಡೆಯುತ್ತದೆ’ ಎನ್ನುತ್ತಾರೆ. ನೀವು ಕೇಳುವ ಎರಡು ಪ್ರಶ್ನೆಗಳು ಯಾವುವು?
3. ಅರಿಸಿನದ ಕಾಗದ ಹಳದಿಯಾಗಿಯೇ ಉಳಿಯಿತು. ದ್ರಾವಣ ತಟಸ್ಥ ಎಂದು ಹೇಳಬಹುದೇ?
4. ತಮ್ಮನ ಕೈಗೆ ಆಸಿಡ್ ಚೆಲ್ಲಿದೆ, ಪಕ್ಕದಲ್ಲೇ ಸುಣ್ಣದ ಡಬ್ಬಿ ಇದೆ. ಏನು ಮಾಡುವಿರಿ?

ಒಂದನೆಯ ಮತ್ತು ನಾಲ್ಕನೆಯ ಪ್ರಶ್ನೆಗೆ ಹೆಚ್ಚಿನವರು ಕಾರಣ ಸಹಿತ ಉತ್ತರಿಸಿದರು. ಮೂರನೆಯದು ಕಠಿಣವೆನಿಸಿತು, ಮತ್ತೊಮ್ಮೆ ಪ್ರನಾಳ ಹಿಡಿದು ತೋರಿಸಬೇಕಾಯಿತು. ಎರಡನೆಯದಕ್ಕೆ ಬಂದ ಉತ್ತರಗಳಲ್ಲಿ ನನಗೆ ಮೆಚ್ಚುಗೆಯಾದದ್ದು: ‘ಆಸಿಡ್ ಇಲ್ಲ ಅಂದ್ರ ಏನ್ ಐತಿ? ನಮ್ಮ ಗಾಲಿ ಯಾವುದು ಅಂತ ಕೇಳದ ಹೆಂಗ ಹೇಳಿದ್ರಿ?’

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠಕ್ಕೆ ಕಾರು ಬೇಕಿಲ್ಲ. ಮೊಳೆ, ಹಾಳೆ, ಸುಣ್ಣ, ಸೋಡಾ ಯಾವ ಊರಿನಲ್ಲೂ ಸಿಗುತ್ತವೆ. ಎರಡು ಲೋಹಗಳನ್ನು ಪಕ್ಕಪಕ್ಕದಲ್ಲಿಡುವುದನ್ನು ಮಾತ್ರ ಬಿಡಬಾರದು. ಒಂದೇ ಲೋಹವಿದ್ದರೆ ದ್ರಾವಣ ಒಳ್ಳೆಯದು ಅಥವಾ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಮಕ್ಕಳು ನಿಲ್ಲುತ್ತಾರೆ. ಆಮ್ಲದ ಪ್ರದರ್ಶನಕ್ಕೆ ಪ್ರಯೋಗಶಾಲೆಯ ಸಾರರಿಕ್ತ ಆಮ್ಲವನ್ನೇ ಬಳಸಿ, ಮಕ್ಕಳಿಂದ ಮನೆಯ ಆಸಿಡ್ ತರಿಸಬೇಡಿ. ಸಾರರಿಕ್ತಗೊಳಿಸುವಾಗ ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ ಎಂಬುದನ್ನು ಮಾಡಿ ತೋರಿಸಿ. ಮಕ್ಕಳ ಮನೆಯ ರೂಢಿಗಳನ್ನು ಚೀಟಿಯಲ್ಲಿ ಹೆಸರಿಲ್ಲದೆ ಬರೆಸಿದರೆ ಯಾರಿಗೂ ಮುಜುಗರವಾಗುವುದಿಲ್ಲ, ನಿಜವಾದ ಉತ್ತರಗಳೂ ಬರುತ್ತವೆ.

ಮನೆಗೆಲಸವಾಗಿ ಕೊಟ್ಟದ್ದು ಒಂದೇ: ಮನೆಯಲ್ಲಿರುವ ಸ್ವಚ್ಛಕಗಳ ಬಾಟಲಿಗಳನ್ನು ತೆರೆಯದೆ ಎಣಿಸಿ, ಚೀಟಿ ಇರುವವು ಎಷ್ಟು, ಇಲ್ಲದವು ಎಷ್ಟು ಎಂದು ಬರೆಯುವುದು. ಚೀಟಿ ಇಲ್ಲದವುಗಳನ್ನು ತಾವು ಮುಟ್ಟದೆ ಹಿರಿಯರಿಗೆ ತೋರಿಸಿ, ಅವರಿಂದಲೇ ಹೆಸರು ಬರೆಸಿ, ಪುಟ್ಟ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿಸುವುದು. ಈ ಕೆಲಸವನ್ನು ಯಾವ ತರಗತಿಗಾದರೂ ಕೊಡಬಹುದು.